ಸಂಕಟದ ವರ್ಷದ ಹಬ್ಬ

ಮನೆಯಲ್ಲಿ ಸಾವಾದ ವರ್ಷ ಹಬ್ಬ ಮಾಡಬಾರದೆಂಬುದು ನಮ್ಮ ಕಡೆಯ ಅನೇಕ ಮನೆಗಳ ರೂಢಿ. ಬಾಗಿಲಿಗೆ ತೋರಣವಿಲ್ಲ, ಒಲೆಯ ಮೇಲೆ ಹೋಳಿಗೆಯಿಲ್ಲ. ಹಬ್ಬವು ಹೊಸ್ತಿಲವರೆಗೆ ಬಂದು, ಒಳಗಿನವರ ಮುಖ ನೋಡಿ, ಮುಂದಿನ ಮನೆಗೆ ಹೋಗುತ್ತದೆ. ಈ ರೂಢಿಯಲ್ಲಿ ಒಂದು ಮರ್ಯಾದೆಯಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ದುಃಖವಿರುವಲ್ಲಿ ಸಂಭ್ರಮದ ಸೋಗು ಹಾಕುವುದಕ್ಕಿಂತ ಸುಮ್ಮನಿರುವುದು ಮೇಲು. ಆದರೆ ಸಂಕಟದ ಕಾಲದಲ್ಲಿ ಮನುಷ್ಯನು ಹಬ್ಬಕ್ಕೆ ತೋರಿಸಬಹುದಾದ ಮರ್ಯಾದೆ ಅದನ್ನು ಬಿಟ್ಟುಬಿಡುವುದೊಂದೇ ಏನು? ಅರವತ್ತು ವರ್ಷ ದಾಟಿದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅದನ್ನು ಹೊಳೆಯಿಸಿದವರು ನಮ್ಮ ಪೈಕಿಯವರಲ್ಲ; ಮುಂಬಯಿಗೆ ಹತ್ತಿರದ ಠಾಣೆ ನಗರದಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಒಬ್ಬ ಯಹೂದಿ ವೃದ್ಧೆ.

ಅವರನ್ನು ನಾವು ಮಾವಶಿ ಎಂದು ಕರೆಯುತ್ತಿದ್ದೆವು. ಮರಾಠಿಯಲ್ಲಿ ಅದು ಚಿಕ್ಕಮ್ಮನನ್ನು ಕರೆಯುವ ಮಾತು. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನನ್ನನ್ನು ಅವರು ಮಾಸ್ತರ್ ಎಂದೇ ಕರೆದರು. ಅವರು ಬೆನೆ ಇಸ್ರೇಲ್ ಪಂಗಡದವರು. ಅಲಿಬಾಗದ ಬಳಿ ನವಗಾಂವದ ಕಡಲಿನಲ್ಲಿ ಹಡಗು ಒಡೆದು ದಡ ಸೇರಿದ ಏಳು ದಂಪತಿಗಳ ಸಂತತಿ ತಾವೆಂಬುದು ಈ ಜನರ ಐತಿಹ್ಯ. ಕೊಂಕಣದ ಹಳ್ಳಿಗಳಲ್ಲಿ ಗಾಣದಿಂದ ಎಣ್ಣೆ ತೆಗೆದು ಬದುಕಿದರು. ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲವಾದುದರಿಂದ ಸುತ್ತಲಿನವರು ಇವರಿಗೆ ‘ಶನಿವಾರ ತೇಲಿ’ ಎಂದು ಹೆಸರಿಟ್ಟರು. ಮನೆಮಾತು ಮರಾಠಿ. 1948ರ ಅನಂತರ ಬಹುಪಾಲು ಜನ ಇಸ್ರೇಲಿಗೆ ಹೋದರು. ಇಲ್ಲಿ ಉಳಿದವರು ಕೆಲವೇ ಸಾವಿರ. ಠಾಣೆಯಲ್ಲಿ 1879ರಲ್ಲಿ ಕಟ್ಟಿದ ಅವರ ಪ್ರಾರ್ಥನಾ ಮಂದಿರವಿದೆ. ಅದರ ಹೆಸರು ಶಾರ್ ಹಶ್ಶಮಾಯಿಮ್, ಎಂದರೆ ಸ್ವರ್ಗದ ಬಾಗಿಲು.

ಯಹೂದ್ಯರ ದೊಡ್ಡ ಹಬ್ಬಗಳಲ್ಲಿ ಹಲವು ಶರತ್ಕಾಲದ ಒಂದೇ ತಿಂಗಳಿನಲ್ಲಿ ಒಂದರ ಹಿಂದೊಂದು ಬರುತ್ತವೆ. ತಿಶ್ರೀ ಮಾಸದ ಮೊದಲ ದಿನ ಹೊಸವರ್ಷ. ಹತ್ತನೆಯ ದಿನ ಪ್ರಾಯಶ್ಚಿತ್ತದ ಉಪವಾಸ. ಹುಣ್ಣಿಮೆಗೆ ಚಪ್ಪರದ ಹಬ್ಬ. ಹೀಬ್ರೂ ಹೆಸರುಗಳು ರೋಶ್ ಹಶಾನಾ, ಯೋಮ್ ಕಿಪ್ಪೂರ್, ಸುಕ್ಕೋತ್. ಕೊಂಕಣದ ಹಳಬರು ಇವುಗಳಿಗೆ ತಮ್ಮ ಊರಿನ ಮಾತಿನಲ್ಲಿಯೇ ಹೆಸರಿಟ್ಟುಕೊಂಡಿದ್ದರು. ಹೊಸವರ್ಷಕ್ಕೆ ‘ನವ್ಯಾಚಾ ಸಣ’. ಅದು ಕಳೆದು ಪಾಯಸ ಮಾಡುವ ‘ಖಿರೀಚಾ ಸಣ’. ಉಪವಾಸದ ದಿನ ಮನೆಯ ಬಾಗಿಲು ಮುಚ್ಚಿ, ಬಿಳಿಯುಟ್ಟು, ಹೊರಗಿನವರೊಡನೆ ಮಾತಿಲ್ಲದೆ ಇರುತ್ತಿದ್ದುದರಿಂದ ಅದಕ್ಕೆ ‘ದಾರ್‌ಫಾಳ್ಣೀಚಾ ಸಣ’, ಬಾಗಿಲು ಮುಚ್ಚುವ ಹಬ್ಬ. ಮರುದಿನ ಬಡವರಿಗೆ ದಾನ ಕೊಟ್ಟು ನಂಟರಿಷ್ಟರನ್ನು ಕಾಣುವ ‘ಶಿಳಾ ಸಣ’, ತಂಗಳ ಹಬ್ಬ. ನಮ್ಮಂತೆ ಅವರದೂ ಚಾಂದ್ರಮಾಸ. ಋತುಗಳೊಡನೆ ಹೊಂದಿಸುವುದಕ್ಕಾಗಿ 19 ವರ್ಷಗಳಲ್ಲಿ ಏಳು ಅಧಿಕಮಾಸಗಳನ್ನು ಸೇರಿಸುತ್ತಾರೆ. ಆದುದರಿಂದ ಅನೇಕ ವರ್ಷಗಳಲ್ಲಿ ಅವರ ಹೊಸವರ್ಷವೂ ನಮ್ಮ ನವರಾತ್ರಿಯೂ ಜೊತೆಯಲ್ಲಿಯೇ ಆರಂಭವಾಗುತ್ತವೆ.

2020ರಲ್ಲಿ ಹಾಗಾಗಲಿಲ್ಲ. ಸೆಪ್ಟೆಂಬರ್ 18ರ ಸಂಜೆ ಅವರ 5781ನೆಯ ವರ್ಷ ಹುಟ್ಟಿತು. ಅದೇ ದಿನ ನಮಗೆ ಅಧಿಕ ಆಶ್ವಯುಜ ಹಿಡಿಯಿತು. ನವರಾತ್ರಿ ಒಂದು ತಿಂಗಳು ಮುಂದೆ ಹೋಯಿತು. ಹೋದುದು ನನಗೆ ಸಮಾಧಾನವೇ ಆಯಿತು. ಆ ವರ್ಷದ ಜೂನ್ ತಿಂಗಳಲ್ಲಿ ನನ್ನ ಪತ್ನಿ ಕೋವಿಡ್ ಜಾಡ್ಯದಿಂದ ತೀರಿಕೊಂಡಿದ್ದಳು. ಆಸ್ಪತ್ರೆಯಿಂದ ನೇರವಾಗಿ ಸ್ಮಶಾನಕ್ಕೆ. ನಾನೊಬ್ಬನೇ ಮನೆಗೆ ಬಂದು ಬೀಗ ತೆಗೆದಾಗ ಪಕ್ಕದ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಮಾವಶಿ ಇದ್ದರು. ನನ್ನ ಹೆಜ್ಜೆಯ ಸಪ್ಪಳ ಅವರಿಗೆ ಕೇಳಿಸಿತ್ತೆಂಬುದು ನನಗೆ ಗೊತ್ತಿತ್ತು. ಬಾಗಿಲು ತೆರೆಯಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ, ದೂರವಾಣಿಯಲ್ಲೂ ಒಂದು ಮಾತಿಲ್ಲ. ಅವರಿಗೆ ಎಪ್ಪತ್ತೆಂಟು ವರ್ಷ, ಮಧುಮೇಹ, ಮಗ ಇಸ್ರೇಲಿನಲ್ಲಿ. ಹೆದರಿದ್ದರಲ್ಲಿ ತಪ್ಪಿಲ್ಲವೆಂದು ಬುದ್ಧಿ ಹೇಳುತ್ತಿತ್ತು. ಮನಸ್ಸು ಮಾತ್ರ ಆ ಮುಚ್ಚಿದ ಬಾಗಿಲನ್ನು ಮರೆಯಲಿಲ್ಲ.

ಅದಕ್ಕೆ ಹಿಂದಿನ ಹದಿನಾಲ್ಕು ವರ್ಷ ಹೊಸವರ್ಷದ ಹಲ್ವವನ್ನು ಅವರಿಬ್ಬರೂ ಕೂಡಿಯೇ ಮಾಡಿದವರು. ಗೋಧಿಯನ್ನು ನೆನೆಹಾಕಿ, ರುಬ್ಬಿ, ಹಾಲು ತೆಗೆದು, ತೆಂಗಿನ ಹಾಲಿನೊಡನೆ ಗಂಟೆಗಟ್ಟಲೆ ತಿರುವಬೇಕು. ಮಾಂಸದ ಊಟದೊಡನೆ ಹಸುವಿನ ಹಾಲಿನ ಪದಾರ್ಥ ಅವರಿಗೆ ನಿಷಿದ್ಧವಾದುದರಿಂದ ಸಿಹಿಗೆಲ್ಲ ತೆಂಗಿನ ಹಾಲೇ ಆಧಾರ. ಕೈ ಬಿಟ್ಟರೆ ತಳ ಹಿಡಿಯುವ ಕೆಲಸ. ಒಬ್ಬರ ಕೈ ಸೋತರೆ ಇನ್ನೊಬ್ಬರು ಸೌಟು ಹಿಡಿಯಬೇಕು. “ಇದು ನಮ್ಮ ಹಾಲುಬಾಯಿಯೇ ಅಲ್ಲವೇ” ಎಂದು ನನ್ನ ಪತ್ನಿ ಪ್ರತಿವರ್ಷವೂ ಹೇಳುತ್ತಿದ್ದಳು. 2020ರಲ್ಲಿ ಗೋಡೆಯಾಚೆಯಿಂದ ಆ ಕಂಪು ಬರಲಿಲ್ಲ. ಮಂದಿರಕ್ಕೂ ಬೀಗ, ಮಹಾರಾಷ್ಟ್ರದಲ್ಲಿ ಪೂಜಾಸ್ಥಳಗಳು ಮತ್ತೆ ತೆರೆದುದು ನವೆಂಬರ್ 16ಕ್ಕೆ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ಗಂಡಸರು ಕೂಡಬೇಕೆಂಬುದು ಅವರ ವಿಧಿ. ಹತ್ತು ಜನ ಕೂಡುವುದು ಆಗ ಎಲ್ಲಿಯ ಮಾತು! ಹೊಸವರ್ಷದಲ್ಲಿ ಊದುವ ಟಗರಿನ ಕೊಂಬಿನ ಧ್ವನಿಯೂ ಮಾವಶಿಯ ಕಿವಿಗೆ ಬೀಳಲಿಲ್ಲ. ಹಬ್ಬ ಅವರ ಮನೆಯಿಂದಲೂ ಹೊರಟುಹೋಯಿತೆಂದು ನಾನು ಭಾವಿಸಿದೆ. ಆ ಭಾವನೆಯಲ್ಲಿ ಸ್ವಲ್ಪ ತೃಪ್ತಿಯೂ ಇತ್ತೆಂಬುದನ್ನು ಮುಚ್ಚಿಡಲಾರೆ.

ಹೊಸವರ್ಷಕ್ಕೂ ಉಪವಾಸಕ್ಕೂ ನಡುವಿನ ಒಂದು ಸಂಜೆ ನನ್ನ ಬಾಗಿಲು ಸದ್ದಾಯಿತು. ಮಾವಶಿ ನಾಲ್ಕು ಹೆಜ್ಜೆ ದೂರದಲ್ಲಿ ಮುಖಗವಸು ಹಾಕಿ ಗೋಡೆ ಹಿಡಿದು ನಿಂತಿದ್ದರು.

“ಮಾಸ್ತರ್, ಆ ದಿನ ನಾನು ಬಾಗಿಲು ತೆರೆಯಲಿಲ್ಲ. ನಿಮ್ಮ ಸಪ್ಪಳ ಕೇಳಿತು. ಚಿಲಕದ ಮೇಲೆ ಕೈಯಿಟ್ಟು ನಿಂತೆ, ತೆರೆಯಲಿಲ್ಲ. ತಪ್ಪಾಯಿತು. ಕ್ಷಮಿಸಬೇಕು.”

“ಇರಲಿ ಬಿಡಿ, ಕಾಲವೇ ಹಾಗಿತ್ತು,” ಎಂದು ನಾನು ಬಾಗಿಲು ಹಾಕಿಕೊಂಡೆ.

ಮರುದಿನ ಸಂಜೆ ಅವರು ಮತ್ತೆ ಬಂದರು. “ನಿನ್ನೆ ನೀವು ಕಾಲವನ್ನು ಕ್ಷಮಿಸಿದಿರಿ. ನನ್ನನ್ನು ಕ್ಷಮಿಸಲಿಲ್ಲ. ಮೂರು ಸಲ ಕೇಳಬೇಕೆಂದು ನಮ್ಮಲ್ಲಿ ನಿಯಮ. ಇದು ಎರಡನೆಯದು.”

ಮೂರನೆಯ ಸಲಕ್ಕೆ ನಾನು ಅವಕಾಶ ಕೊಡಲಿಲ್ಲ. ಹೊಸ್ತಿಲ ಈಚೆಗೆ ನಾನು, ಆಚೆಗೆ ಅವರು, ಬಹಳ ಹೊತ್ತು ನಿಂತು ಮಾತನಾಡಿದೆವು. ಹೆಚ್ಚಾಗಿ ಅವಳ ವಿಷಯ. ಜೂನ್ ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದುದೇನೋ ಆ ಸಂಜೆ ಸಡಿಲಿತು.

ಅನಂತರವೇ ನನಗೆ ತಿಳಿದುದು, ಅವರು ಹಬ್ಬದ ಸಿದ್ಧತೆಯನ್ನು ಬಿಟ್ಟಿರಲಿಲ್ಲವೆಂದು. ಬಿಟ್ಟುದು ಹಲ್ವವನ್ನು, ಹೊಸ ಸೀರೆಯನ್ನು, ಮಾಂಸದಡುಗೆಯನ್ನು. ಉಳಿಸಿಕೊಂಡುದು ಒಂದು ಸೇಬು, ಒಂದು ಚಮಚ ಜೇನು, ಎರಡು ದೀಪ, ಒಂದು ಪಟ್ಟಿ. ಆ ವರ್ಷ ತನ್ನಿಂದ ನೋವುಂಡವರ ಹೆಸರುಗಳ ಪಟ್ಟಿ ಅದು. ಒಬ್ಬೊಬ್ಬರಿಗೂ ದೂರವಾಣಿ ಮಾಡಿ ಕ್ಷಮೆ ಕೇಳಿದ್ದರು. ನಾನು ಪಟ್ಟಿಯ ಕೊನೆಯವನು. ಅತ್ಯಂತ ಹತ್ತಿರವಿದ್ದವನು, ಆದುದರಿಂದ ಅತ್ಯಂತ ಕಷ್ಟದವನು. ದೇವರಿಗೆ ಮಾಡಿದ ಅಪರಾಧವನ್ನು ಪ್ರಾಯಶ್ಚಿತ್ತದ ದಿನ ತೊಳೆಯಬಲ್ಲುದು. ಮನುಷ್ಯನಿಗೆ ಮಾಡಿದ ಅಪರಾಧವನ್ನು ಆ ಮನುಷ್ಯನನ್ನು ಸಮಾಧಾನಪಡಿಸುವವರೆಗೆ ತೊಳೆಯಲಾರದು ಎಂಬುದು ಅವರ ಧರ್ಮಶಾಸ್ತ್ರದ ಸ್ಪಷ್ಟವಾದ ತೀರ್ಪು. ಹಬ್ಬದ ಸಿದ್ಧತೆಯೆಂದರೆ ಮನೆ ಬಳಿಯುವುದು, ಪಾತ್ರೆ ಬೆಳಗುವುದು ಎಂದು ತಿಳಿದಿದ್ದ ನನಗೆ ಇದು ಹೊಸ ಪಾಠ. ದುಡ್ಡು ಬೇಡದ, ಹತ್ತು ಜನ ಬೇಡದ, ಮಂದಿರವೂ ಬೇಡದ ಈ ಸಿದ್ಧತೆಯನ್ನು ಯಾವ ಜಾಡ್ಯವೂ ತಡೆಯಲಾರದು. ಸುಖದ ವರ್ಷಗಳಲ್ಲಿ ಹಲ್ವದ ಗಡಿಬಿಡಿಯ ನಡುವೆ ಮರೆಯಾಗುವುದೂ ಇದೇ.

ಉಪವಾಸದ ಹಿಂದಿನ ದಿನ ಇನ್ನೊಂದು ಚರ್ಚೆಯಾಯಿತು. ಸುಮಾರು ಇಪ್ಪತ್ತೈದು ಗಂಟೆಗಳ ಕಾಲ ಅನ್ನವೂ ನೀರೂ ಇಲ್ಲದ ವ್ರತ ಅದು. ವೈದ್ಯರು ಕೂಡದೆಂದಿದ್ದರು. ಇಂಥ ಹಟ ಹಿಡಿಯುವ ಹೆಂಗಸರನ್ನು ನಮ್ಮ ಏಕಾದಶಿಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಮಾವಶಿಯೂ ಹಾಗೆಯೇ ಎಂದುಕೊಂಡೆ. ಅವರು ಹಟ ಹಿಡಿಯಲಿಲ್ಲ. ಪ್ರಾಣಕ್ಕೆ ಅಪಾಯವಿರುವಲ್ಲಿ ಉಪವಾಸ ಮಾಡುವುದೇ ತಪ್ಪೆಂದು ಅವರ ಧರ್ಮ ಹೇಳುತ್ತದೆ. 1848ರಲ್ಲಿ ವಿಲ್ನಾ ನಗರದಲ್ಲಿ ಕಾಲರಾ ಹಬ್ಬಿದಾಗ ಇಸ್ರೇಲ್ ಸಲಾಂಟರ್ ಎಂಬ ಹೆಸರಾಂತ ರಬ್ಬಿಗಳು ಇದೇ ಪ್ರಾಯಶ್ಚಿತ್ತದ ದಿನ ಉಣ್ಣಲು ಜನರಿಗೆ ಅನುಮತಿಯಿತ್ತರೆಂದೂ ತಾವೇ ಎಲ್ಲರೆದುರಿಗೆ ಉಂಡು ತೋರಿಸಿದರೆಂದೂ ಪ್ರತೀತಿಯಿದೆ. ಮಾವಶಿ ಬಿಳಿ ಸೀರೆಯುಟ್ಟು, ಬಾಗಿಲು ಮುಚ್ಚಿ, ಒಂದೊಂದು ತುತ್ತನ್ನು ನಡುವೆ ಹೊತ್ತು ಬಿಟ್ಟು ತಿಂದು ವ್ರತವನ್ನು ಮುಗಿಸಿದರು. ಜೂನ್ ತಿಂಗಳಲ್ಲಿ ಮುಚ್ಚಿದ್ದುದೂ ಅದೇ ಬಾಗಿಲು. ಈ ಸಲ ಅದನ್ನು ನೋಡಿ ನನಗೆ ನೋವಾಗಲಿಲ್ಲ.

ಹುಣ್ಣಿಮೆ ಸಮೀಪಿಸಿತು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿ ಅರಣ್ಯದಲ್ಲಿ ಅಲೆದ ಪೂರ್ವಿಕರ ನೆನಪಿಗಾಗಿ ಏಳು ದಿನ ಚಪ್ಪರದಲ್ಲಿ ಕುಳಿತು ಉಣ್ಣುವ ಹಬ್ಬ ಸುಕ್ಕೋತ್. ಚಪ್ಪರ ಬಯಲಿನಲ್ಲಿರಬೇಕು, ಮೇಲೆ ಇನ್ನೊಬ್ಬರ ಮನೆಯಿರುವ ಬಾಲ್ಕನಿ ಆಗದು. “ಎರಡು ಗೋಡೆ, ಮೂರನೆಯದು ಗೇಣುದ್ದ ಇದ್ದರೂ ಸಾಕು, ಮೇಲೆ ಸೊಪ್ಪು, ನೆರಳು ಬಿಸಿಲಿಗಿಂತ ಹೆಚ್ಚಿರಬೇಕು, ನಕ್ಷತ್ರ ಕಾಣುವಂತಿರಬೇಕು,” ಎಂದು ಮಾವಶಿ ನಿಯಮಗಳನ್ನು ಹೇಳಿದರು. ತಾರಸಿಯ ಮೇಲೆ ನಾಲ್ಕು ಬಿದಿರು ನಿಲ್ಲಿಸಿ, ಹಳೆಯ ಸೀರೆಗಳನ್ನು ಕಟ್ಟಿ, ಮೇಲೆ ತೆಂಗಿನ ಗರಿ ಹೊದಿಸಿದವನು ನಾನು. ಎರಡು ಸೀರೆ ಅವರವು. ಒಂದು ನನ್ನ ಪತ್ನಿಯದು. ಅದನ್ನು ಪೆಟ್ಟಿಗೆಯಿಂದ ತೆಗೆಯುವ ಧೈರ್ಯ ಮೂರು ತಿಂಗಳಿಂದ ನನಗೆ ಬಂದಿರಲಿಲ್ಲ.

ಅಕ್ಟೋಬರ್ 2ರ ರಾತ್ರಿ, ದೂರದೂರವಾಗಿ ಎರಡು ಕುರ್ಚಿ ಹಾಕಿಕೊಂಡು ಕುಳಿತೆವು. ಗರಿಗಳ ಸಂದಿನಿಂದ ಚಂದ್ರ ಕಾಣುತ್ತಿದ್ದ. ಗಾಳಿಗೆ ಆ ಸೀರೆಯ ಸೆರಗು ಹಾರಿದುದನ್ನು ಕಂಡು ನನಗೆ ಅಲ್ಲಿ ಕೂಡಲಾಗಲಿಲ್ಲ. ಕೆಳಗೆ ಹೋಗುತ್ತೇನೆಂದು ಎದ್ದೆ.

ಮಾವಶಿ ಹೇಳಿದರು: “ಮಳೆ ಬಂದರೆ ಎದ್ದು ಹೋಗಬಹುದು ಮಾಸ್ತರ್. ಹೋಗದೆ ನೆನೆಯುತ್ತ ಕುಳಿತವನನ್ನು ನಮ್ಮಲ್ಲಿ ದಡ್ಡನೆನ್ನುತ್ತಾರೆ. ಆದರೆ ದುಃಖ ಬಂತೆಂದು ಎದ್ದು ಹೋಗುವ ಹಾಗಿಲ್ಲ. ಅದಕ್ಕೇ ಚಪ್ಪರ ಹಾಕುವುದು.”

ಇದು ಅವರ ಸ್ವಂತ ಮಾತೆಂದು ನಾನು ತಿಳಿದಿದ್ದೆ. ಅನಂತರ ಅವರ ತಾಲ್ಮುದ್ ಗ್ರಂಥದ ಅನುವಾದವನ್ನು ತಂದು ಓದಿದಾಗ ಅದರ ಮೂಲ ದೊರೆಯಿತು. ಚಪ್ಪರದಲ್ಲಿ ಕುಳಿತು ಸಂಕಟಪಡುವವನಿಗೆ ಅಲ್ಲಿ ಕೂಡುವ ಕರ್ತವ್ಯವಿಲ್ಲವೆಂದು ಆ ಪಂಡಿತರು ಮೊದಲು ವಿಧಿಸುತ್ತಾರೆ. ಹಾಗಾದರೆ ಸತ್ತವರಿಗಾಗಿ ಶೋಕಿಸುವವನಿಗೂ ವಿನಾಯಿತಿಯುಂಟೇ ಎಂಬ ಪ್ರಶ್ನೆ ಏಳುತ್ತದೆ. ಇಲ್ಲವೆಂದು ಉತ್ತರ. ಮಳೆ, ಗಾಳಿ, ನೊಣ ಇವುಗಳಿಂದಾಗುವ ಸಂಕಟ ಚಪ್ಪರದಿಂದ ಬಂದದ್ದು. ಅಂಥವನು ಎದ್ದು ಹೋಗಲಿ. ಶೋಕಿಯ ಸಂಕಟವಾದರೋ ಅವನು ಹೊತ್ತು ತಂದದ್ದು. ಅವನು ಅಲ್ಲಿ ಕುಳಿತು ಮನಸ್ಸನ್ನು ನೆಲೆಗೊಳಿಸಿಕೊಳ್ಳಬೇಕು. ಸಾವಿರದ ಐನೂರು ವರ್ಷಗಳಷ್ಟು ಹಳೆಯದಾದ ಈ ವಿವೇಚನೆಯನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಸಂಕಟದ ಕಾಲದಲ್ಲಿ ಹಬ್ಬ ಮಾಡಬೇಕೇ ಬೇಡವೇ ಎಂಬ ನಮ್ಮ ಚರ್ಚೆ ಎರಡೇ ತುದಿಗಳ ನಡುವೆ ನಡೆಯುತ್ತದೆ. ಏನೂ ಬೇಡ ಎನ್ನುವವರು ಒಂದು ಕಡೆ. ಏನಾದರೂ ಆಗಲಿ, ಎಂದಿನಂತೆಯೇ ನಡೆಯಬೇಕು ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮನೆಯಲ್ಲಿ ಸಾಲ ಮಾಡಿ ಹೋಳಿಗೆ ಬೇಯುತ್ತದೆ. ಮನೆಯ ಹೆಂಗಸು ಅಳು ನುಂಗಿಕೊಂಡು ಹಿಟ್ಟು ನಾದುತ್ತಾಳೆ. ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಈ ಸಂಕಟ ಎಲ್ಲಿಂದ ಬಂತು? ಸಿದ್ಧತೆಯೇ ಸಂಕಟವನ್ನು ತರುತ್ತಿದ್ದರೆ, ಅದು ಖರ್ಚಾಗಲಿ, ದಣಿವಾಗಲಿ, ಆರೋಗ್ಯದ ಅಪಾಯವಾಗಲಿ, ಸಂಕೋಚವಿಲ್ಲದೆ ಬಿಡಬೇಕು, ಅದು ಮಳೆ. ಸಂಕಟವನ್ನು ನಾವೇ ಹೊತ್ತು ಬಂದಿದ್ದರೆ ಹಬ್ಬವನ್ನು ಬಿಡುವುದರಿಂದ ಅದು ಹಗುರವಾಗದು. ಇನ್ನೊಂದು ದಿನ, ಇನ್ನೊಂದು ಕೋಣೆಯಲ್ಲಿ, ಒಂಟಿಯಾಗಿ ಅದನ್ನೇ ಹೊರಬೇಕಾಗುತ್ತದೆ.

ಯಹೂದ್ಯರ ಶೋಕವಿಧಿಯಲ್ಲಿಯೂ ಇದೇ ದೃಷ್ಟಿ ಕಾಣುತ್ತದೆ. ಅಂತ್ಯಕ್ರಿಯೆಯ ನಂತರ ಏಳು ದಿನ ಮನೆಯಲ್ಲಿ ಶೋಕ ಕೂಡುವುದು ಅವರ ಕ್ರಮ. ಆ ಏಳು ದಿನಗಳ ನಡುವೆ ಇಂಥ ದೊಡ್ಡ ಹಬ್ಬ ಬಂದರೆ ಹಬ್ಬ ನಿಲ್ಲುವುದಿಲ್ಲ. ಶೋಕದ ಆಚರಣೆಯೇ ಅಲ್ಲಿಗೆ ಮುಗಿಯುತ್ತದೆ. ಇದು ಕಠೋರವೆಂದು ಯಾರಾದರೂ ಹೇಳಬಹುದು. ವ್ಯಕ್ತಿಯ ದುಃಖವನ್ನು ಸಮುದಾಯದ ಪಂಚಾಂಗ ತುಳಿದುಹಾಕುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ನಮ್ಮ ರೂಢಿ ದುಃಖಕ್ಕೆ ಒಂದು ವರ್ಷದ ಅವಕಾಶ ಕೊಡುತ್ತದೆ. ಅದೂ ಒಂದು ಕರುಣೆ. ಆದರೆ ಆ ವರ್ಷದಲ್ಲಿ ಜನ ಮನೆಗೆ ಬರುವುದನ್ನು ಬಿಡುತ್ತಾರೆ, ನಾವು ಹೋಗುವುದನ್ನು ಬಿಡುತ್ತೇವೆ. ಗೌರವಕ್ಕಾಗಿ ಮುಚ್ಚಿದ ಬಾಗಿಲು ಅಭ್ಯಾಸದಿಂದ ಮುಚ್ಚಿಯೇ ಉಳಿಯುತ್ತದೆ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ.

ಈ ಹಬ್ಬಗಳ ಋತುವಿಗೆ ಸಂಕಟ ಹೊಸದಲ್ಲ. 1973ರ ಅಕ್ಟೋಬರ್ 6ರಂದು ಪ್ರಾಯಶ್ಚಿತ್ತದ ಉಪವಾಸದಲ್ಲಿದ್ದ ಇಸ್ರೇಲಿನ ಮೇಲೆ ಯುದ್ಧ ಎರಗಿತು. ಮಾವಶಿ 2022ರಲ್ಲಿ ಮಗನ ಬಳಿಗೆ, ದಕ್ಷಿಣ ಇಸ್ರೇಲಿನ ಒಂದು ಊರಿಗೆ ಹೋದರು. ಮರುವರ್ಷ, 2023ರ ಅಕ್ಟೋಬರ್ 7ರ ಬೆಳಗ್ಗೆ, ಚಪ್ಪರದ ಹಬ್ಬದ ಸಾಲು ಮುಗಿಯುವ ದಿನವೇ, ಹಮಾಸ್ ದಾಳಿ ನಡೆಯಿತು. ಅದನ್ನು ಹಿಂಬಾಲಿಸಿದ ಯುದ್ಧದಲ್ಲಿ ಗಾಜಾದ ಸಾವಿರಾರು ಮನೆಗಳಲ್ಲಿ ಹಬ್ಬ ಮಾಡುವ ಕೈಗಳೇ ಉಳಿಯಲಿಲ್ಲ. ರಂಜಾನ್ ಮುಗಿದು ಈದ್ ಬಂದಾಗ ಅಲ್ಲಿಯ ತಾಯಂದಿರು ಮಕ್ಕಳಿಗೆ ಏನೆಂದರೋ! ದುಃಖಕ್ಕೆ ಒಂದು ಕಡೆ, ಇನ್ನೊಂದು ಕಡೆ ಎಂಬುದಿಲ್ಲ. 2024ರ ಶರತ್ಕಾಲದಲ್ಲಿ ದೂರವಾಣಿಯಲ್ಲಿ ಮಾವಶಿಯನ್ನು ಕೇಳಿದೆ, ಈ ವರ್ಷವೂ ಚಪ್ಪರ ಹಾಕಿದಿರಾ ಎಂದು. “ಮಗ ಬೇಡವೆಂದ, ಮಾಸ್ತರ್. ಸೈರನ್ ಕೂಗಿದರೆ ಒಳಗೆ ಓಡೋಣ, ಅದು ಮಳೆಯ ಹಾಗೆ. ಉಳಿದ ಹೊತ್ತು ಕೂಡೋಣ ಎಂದೆ. ಚಿಕ್ಕದಾಗಿ ಹಾಕಿದ್ದೇವೆ,” ಎಂದರು.

2020ರ ಅಧಿಕಮಾಸ ಮುಗಿದು ನವರಾತ್ರಿ ಬಂತು. ವರ್ಷದೊಳಗೆ ಹಬ್ಬವಿಲ್ಲವೆಂಬ ರೂಢಿಯನ್ನು ನಾನು ಪೂರ್ತಿ ಮುರಿಯಲಿಲ್ಲ. ತೋರಣ ಕಟ್ಟಲಿಲ್ಲ, ಹೋಳಿಗೆ ಮಾಡಲಿಲ್ಲ. ಆದರೆ ನಮ್ಮ ಧಾರವಾಡದ ಕಡೆ ದಸರೆಯ ಸಂಜೆ ಬನ್ನಿ ಕೊಟ್ಟು, ಬಂಗಾರದ ಹಾಗೆ ಇರೋಣವೆಂದು ಹೇಳಿ, ಹಿರಿಯರಿಗೆ ನಮಸ್ಕರಿಸಿ, ಹಳೆಯ ಮನಸ್ತಾಪಗಳನ್ನು ಮರೆಯುವ ಪದ್ಧತಿಯುಂಟು. ಹಬ್ಬದ ಉಳಿದ ಅಂಗಗಳ ನಡುವೆ ಅದನ್ನು ಅಷ್ಟಾಗಿ ಗಮನಿಸಿದವನಲ್ಲ ನಾನು. ಠಾಣೆಯ ಮಾರುಕಟ್ಟೆಯಲ್ಲಿ ಬನ್ನಿ ಸಿಗಲಿಲ್ಲ. ಮಹಾರಾಷ್ಟ್ರದವರು ಬಂಗಾರವೆಂದು ಹಂಚುವ ಆಪ್ಟೆಯ ಎಲೆ ಸಿಕ್ಕಿತು. ಅದನ್ನು ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಸಪ್ಪಳ ಕೇಳಿದ ಮಾವಶಿ ಈ ಸಲ ಚಿಲಕ ತೆಗೆದರು.